ಎರಡು ಹೆಲ್ಮೆಟ್ಟಿನ ಚಿತ್ರ

ಇವತ್ತು ಆಯುಧಪೂಜೆ. ಟ್ರುಗನಿನಾ ಎಂಬ ಈ ಪರದೇಶದ ಊರಿನ ನಮ್ಮ ಗ್ಯಾರೇಜಿನಲ್ಲಿ, ಬೈಕಿನ ಮುಂದೆ ಕುಂಕುಮದ ಭರಣಿ ಹಿಡಿದು ನಿಂತಿದ್ದೇನೆ. ಒಳಗಿನಿಂದ ನಮ್ಮ ಮನೆಯವರ ಕೂಗು ಬಂತು: "ರೇಡಾರಿನ ಮೇಲೆ ಮಾತ್ರ ಇಡ್ಬೇಡ ಮಾರಾಯ್ತಿ!" ಪ್ರತಿ ವರ್ಷ ಇದೇ ಕೂಗು. ಕೇಳಿದಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ. ಯಾಕೆಂದು ಹೇಳುತ್ತೇನೆ, ಗಡಿಬಿಡಿ ಇಲ್ಲದಿದ್ದರೆ ಕೂತು ಕೇಳಿ.

ನಾಲ್ಕು ವರ್ಷದ ಹಿಂದೆ, ಯುಗಾದಿ ಮುಗಿದ ವಾರ ಈ ಬೈಕು ಮನೆಗೆ ಬಂತು. ಬೈಕು ಅಂದರೆ ಹಾಲು ತರಲು ಹೋಗುವ ಗಾಡಿ ಅಂದುಕೊಳ್ಳಬೇಡಿ. ಕಲ್ಲುದಾರಿಯಲ್ಲೂ ಹೆದ್ದಾರಿಯಲ್ಲೂ ದಿನಗಟ್ಟಲೆ ಓಡಲೆಂದೇ ಮಾಡಿದ್ದು. ಎಮ್ಮೆಯಷ್ಟು ಮೈ, ಮೂವತ್ತು ಲೀಟರಿನ ಟ್ಯಾಂಕು, ಎರಡೂ ಪಕ್ಕಕ್ಕೆ ಅಲ್ಯೂಮಿನಿಯಂ ಪೆಟ್ಟಿಗೆ. ಅದರ ಮೇಲೆ ನಮ್ಮ ಮನೆಯವರು! ಉಡುಪಿ ಕಡೆಯವರು, ಎತ್ತರದ ವಿಷಯದಲ್ಲಿ ದೇವರು ಅವರಿಗೆ ಸ್ವಲ್ಪ ಜಿಪುಣತನ ತೋರಿಸಿದ್ದಾನೆ. ಸೀಟಿನ ಮೇಲೆ ಕೂತರೆ ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಪ್ರತಿ ಸಿಗ್ನಲ್ಲಿನಲ್ಲೂ ಒಂದು ಸಣ್ಣ ನೃತ್ಯ.

ಬೆಳಗಿನ ಕಾಫಿಯಿಂದ ರಾತ್ರಿಯ ಊಟದವರೆಗೆ ಅದರದೇ ಗುಣಗಾನ. ತಿರುವಿನಲ್ಲಿ ಬ್ರೇಕ್ ಒತ್ತಿದರೂ ಚಕ್ರ ಜಾರದಂತೆ ಕಾಯುವ ಎಬಿಎಸ್, ಚಳಿಗೆ ಬಿಸಿಯಾಗುವ ಹ್ಯಾಂಡಲ್, ಬಿಸಿಯಾಗುವ ಸೀಟು, ಅದೂ ಹಿಂದಿನವರಿಗೆ ಬೇರೆ ಸ್ವಿಚ್ಚು. ಹಿಂದಿನವರು ಅಂದರೆ ನಾನು ಎಂಬುದು ನಿಮಗೆ ಆಗಲೇ ಹೊಳೆದಿರಬೇಕು. ಮಗಳು ಸಿಡ್ನಿಯ ವೆಸ್ಟ್‌ಮೀಡಿನಲ್ಲಿ ನರ್ಸ್. ಅವಳ ಮನೆಯ ತನಕ ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗಬೇಕೆಂಬುದು ಅವರ ಆಸೆ.

"ಮುಂದೆ ರೇಡಾರ್ ಉಂಟು, ಹಿಂದೆಯೂ ಉಂಟು. ಎದುರಿನ ಗಾಡಿ ಸ್ಲೋ ಆದ್ರೆ ಇದು ತಾನೇ ಸ್ಲೋ ಆಗ್ತದೆ. ನಿಂಗೆ ಹೆದರಿಕೆ ಎಂತದು?"

"ಹಿಂದ ಕುಂತಾಕಿ ಬಿದ್ರ ಅದಕ್ಕ ಗೊತ್ತಾಗ್ತದೇನ್ರಿ?"

ಅವರು ಕಾಫಿ ಲೋಟ ಕೆಳಗಿಟ್ಟರು. "ಅದು... ಮ್ಯಾನುವಲ್ ನೋಡ್ಬೇಕು."

ಆ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಧಾರವಾಡದಲ್ಲಿ, ನಾನು ಒಂಬತ್ತು ವರ್ಷದವಳಿದ್ದಾಗ, ಸೋದರಮಾವನ ಸ್ಕೂಟರಿನ ಹಿಂದಿನಿಂದ ಬಿದ್ದಿದ್ದೆ. ಮೊಣಕೈ ಮುರಿದದ್ದು ದೊಡ್ಡ ಮಾತಲ್ಲ. ನಾನು ಬಿದ್ದದ್ದು ತಿಳಿಯದೆ ಮಾವ ನನ್ನೊಡನೆ ಮಾತಾಡುತ್ತಲೇ ಮಾರ್ಕೆಟ್ಟಿನ ತನಕ ಹೋಗಿದ್ದರು! ರಸ್ತೆಯ ಮಧ್ಯೆ ಕೂತು ಆ ಸ್ಕೂಟರು ದೂರವಾಗುವುದನ್ನು ನೋಡಿದೆನಲ್ಲ, ಅದು ನನ್ನ ಎದೆಯಿಂದ ಹೋಗಲೇ ಇಲ್ಲ. ಆಮೇಲೆ ನಾನು ಯಾರ ಹಿಂದೆಯೂ ಕೂತವಳಲ್ಲ.

"ನೀನು ಬರುವುದಿಲ್ಲ ಅಂದ್ರೆ ಇಷ್ಟು ದೊಡ್ಡ ಗಾಡಿ ನಂಗೊಬ್ಬನಿಗೆ ಎಂತಕ್ಕೆ? ದಸರೆ ತನಕ ನೋಡ್ತೇನೆ, ಮತ್ತೆ ಮಾರ್ತೇನೆ," ಅಂದರು. ಸಿಟ್ಟಿನಿಂದ ಅಂದದ್ದಲ್ಲ, ಅದಕ್ಕೇ ನನಗೆ ಹೆಚ್ಚು ಚುಚ್ಚಿತು.

ಪ್ರತಿ ಭಾನುವಾರ ಒಬ್ಬರೇ ಹೋಗಿ ಬರುತ್ತಿದ್ದರು, ಸೊಂಟ ಹಿಡಿದುಕೊಂಡು. ನಾನು ಮುಲಾಮು ತಿಕ್ಕುತ್ತ, "ಲಕ್ಷಣವಾದ ಕಾರು ಬಿಟ್ಟು ಇದ್ಯಾಕ ಬೇಕಿತ್ತು?" ಅಂತ ನಾಲ್ಕು ಮಾತು ಸೇರಿಸಿ ತಿಕ್ಕುತ್ತಿದ್ದೆ.

ಆಯುಧಪೂಜೆ ಬಂತು. ಮಾರಿ ಹೋಗುವ ಗಾಡಿಯಾದರೂ ಪೂಜೆ ತಪ್ಪಬಾರದೆಂದು ನಾನೇ ನಿಂತು ಮಾಡಿದೆ. ಬೈಕಿನ ಮುಂಭಾಗದಲ್ಲಿ ನುಣ್ಣನೆಯ ಕಪ್ಪು ಜಾಗವೊಂದಿತ್ತು. ಒಳ್ಳೆ ಹಣೆಯ ಹಾಗಿತ್ತು. ಕಂಪನಿಯವರು ಇದಕ್ಕೇ ಬಿಟ್ಟಿರಬೇಕೆಂದುಕೊಂಡು ಗಂಧ, ಅರಿಶಿನ ದಪ್ಪಗೆ ಕಲಸಿ ಬಳಿದು, ಕುಂಕುಮವಿಟ್ಟು, ಅಂಗಳದ ಜೆರೇನಿಯಂ ಹೂವೊಂದನ್ನೂ ಅಂಟಿಸಿದೆ.

ಮರುದಿನ ಬೆಳಿಗ್ಗೆ ಹೊರಟವರು ಹತ್ತೇ ನಿಮಿಷದಲ್ಲಿ ವಾಪಸ್. ಮುಖ ಬಾಡಿತ್ತು. ಪರದೆಯ ಮೇಲೆ ಹಳದಿ ದೀಪ. ರೇಡಾರ್ ಕೆಲಸ ಮಾಡುತ್ತಿಲ್ಲವಂತೆ. ಸರ್ವಿಸ್ ಬುಕ್ ಮಾಡಲು ಫೋನ್ ಕೈಗೆತ್ತಿಕೊಂಡರು.

"ರೇಡಾರ್ ಎಲ್ಲೈತ್ರಿ?" ಅಂದೆ.

ಅವರು ಬೆರಳು ತೋರಿಸಿದರು. ಇಬ್ಬರೂ ಒಟ್ಟಿಗೆ ನೋಡಿದೆವು. ಜೆರೇನಿಯಂ ಇನ್ನೂ ಅಲ್ಲೇ ಇತ್ತು.

ಅವರು ನಕ್ಕ ನಗೆಗೆ ಪಕ್ಕದ ಮನೆಯ ನಾಯಿ ಬೊಗಳಿತು. ನಾನು ನಾಚಿಕೆಯಿಂದ ಒದ್ದೆ ಬಟ್ಟೆ ತಂದು ಒರೆಸಿದೆ. ದೀಪ ಆರಿತೇ ಎಂದು ಪರದೆಯನ್ನು ಬಗ್ಗಿ ನೋಡಿದೆ. ಆರಿತ್ತು. ಮೂಲೆಯಲ್ಲೊಂದು ಚಿಕ್ಕ ಚಿತ್ರ ಕಂಡಿತು: ಒಂದರ ಹಿಂದೊಂದು ಎರಡು ಹೆಲ್ಮೆಟ್.

"ಇದೇನ್ರಿ?"

"ಅದು ಸಸ್ಪೆನ್ಷನ್. ಒಬ್ಬನೇ ಹೋಗುವಾಗ ಒಂದು ಹೆಲ್ಮೆಟ್ ಒತ್ತಬೇಕು, ಗಾಡಿ ಮೆತ್ತಗಾಗ್ತದೆ. ಇಬ್ಬರಿದ್ರೆ ಎರಡು. ಆಗ ಸ್ಪ್ರಿಂಗ್ ಬಿಗಿ ಆಗಿ ಹಿಂದೆ ಸ್ವಲ್ಪ ಎತ್ತರ ಆಗ್ತದೆ."

"ನೀವು ಒಬ್ಬರೇ ಹೋಗ್ತೀರಲ್ಲ?"

ಅವರು ಬೂಟಿನ ತುದಿಯನ್ನು ನೋಡುತ್ತ ನಿಂತರು. "ಮೊದಲ ದಿನವೇ ಎರಡು ಇಟ್ಟದ್ದು. ತೆಗೀಲಿಕ್ಕೆ ಮನಸ್ಸು ಬರ್ಲಿಲ್ಲ."

ಆರು ತಿಂಗಳು! ಆರು ತಿಂಗಳು ಈ ಮನುಷ್ಯ ಇಲ್ಲದ ನನ್ನನ್ನು ಹಿಂದೆ ಕೂರಿಸಿಕೊಂಡು ತಿರುಗಿದ್ದರು. ಸೊಂಟ ನೋವು ಅದರಿಂದ, ನೆಲಕ್ಕೆ ಕಾಲು ಸಿಗದಿದ್ದುದೂ ಅದರಿಂದ. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಆ ಚಿತ್ರವನ್ನೂ ಒಮ್ಮೆ ಒರೆಸಿದೆ. ಆಮೇಲೆ, ಮುಲಾಮಿಗೆ ಸುರಿದ ನನ್ನ ಶ್ರಮ ನೆನಪಾಗಿ ಸಿಟ್ಟೂ ಬಂತು.

"ಹತ್ರಿ ಮ್ಯಾಲ," ಅಂದೆ. ಅವರು ಹತ್ತಿದರು. ಪೆಟ್ಟಿಗೆ ಹಿಡಿದು, ದೇವರನ್ನು ನೆನೆದು, ನಾನೂ ಹತ್ತಿ ಕೂತೆ. ನನ್ನ ಭಾರಕ್ಕೆ ಬೈಕು ಉಸ್ಸೆಂದು ತಗ್ಗಿತು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂತು ನೋಡಿ. ಅವರ ಎರಡೂ ಪಾದಗಳು ಮೊದಲ ಸಲ ಪೂರ್ತಿ ನೆಲಕ್ಕೆ ತಾಗಿದವು.

ದೀಪಾವಳಿಗೆ ಸಿಡ್ನಿಗೆ ಹೋದೆವು, ಎರಡು ದಿನದ ದಾರಿ. ಅರ್ಧ ಗಂಟೆಗೊಮ್ಮೆ ಹೆಲ್ಮೆಟ್ಟಿನೊಳಗಿನ ಸ್ಪೀಕರಿನಲ್ಲಿ ಅವರ ದನಿ ಬರುತ್ತಿತ್ತು: "ಇದ್ದೀಯಾ?"

"ಅದೀನ್ರಿ!"

ವೆಸ್ಟ್‌ಮೀಡಿನ ಫ್ಲ್ಯಾಟಿನ ಕೆಳಗೆ ಮಗಳು ಬಾಯಿ ತೆರೆದು ನಿಂತಳು. "ಅಮ್ಮಾ, ಆರ್ ಯು ಸೀರಿಯಸ್?" ಹೆಲ್ಮೆಟ್ ತೆಗೆಯುತ್ತ ನಾನು ಅವಳಿಗೆ ರೇಡಾರಿನ ಬಗ್ಗೆ ಹೇಳಲು ಶುರುಮಾಡಿದೆ.

"ಇಟ್ಟಾಯ್ತಾ?" ಇವತ್ತು ಒಳಗಿನಿಂದ ಮತ್ತೆ ಅವರ ಕೂಗು. ಟ್ಯಾಂಕಿಗೆ, ಪೆಟ್ಟಿಗೆಗಳಿಗೆ ಇಟ್ಟಾಯಿತು. ರೇಡಾರನ್ನು ಮುಟ್ಟಲಿಲ್ಲ. ಕೀಲಿ ತಿರುಗಿಸಿದೆ, ಪರದೆ ಬೆಳಗಿತು. ಮೂಲೆಯಲ್ಲಿ ಎರಡು ಹೆಲ್ಮೆಟ್. ಉಂಗುರದ ಬೆರಳಿಗೆ ಚೂರು ಕುಂಕುಮ ಹಚ್ಚಿಕೊಂಡು ಮುಂದಿನ, ಅಂದರೆ ಅವರ, ಹೆಲ್ಮೆಟ್ಟಿನ ಮೇಲೆ ಒಂದು ಸಣ್ಣ ಬೊಟ್ಟು ಇಟ್ಟೆ.