ಚಿನ್ನದ ಕಣವನ್ನು ತಿರುಗಿಸಿ ನೋಡಿದಾಗ

ಜರ್ಮನಿಗೆ ಬಂದ ಮೊದಲ ಭಾನುವಾರವೇ ನನ್ನ ಮೇಲೆ ದೂರು ಬಂತು. ಚಟ್ನಿಗೆಂದು ಮಿಕ್ಸಿ ಹಾಕಿದ್ದೆ, ಅಷ್ಟೆ. ಕೆಳಮನೆಯ ಅಜ್ಜಿ ಮೆಟ್ಟಿಲೇರಿ ಬಂದು ತುಟಿಯ ಮೇಲೆ ಬೆರಳಿಟ್ಟು "ರೂಹೆ!" ಎಂದರು. ಜರ್ಮನ್ನಿನಲ್ಲಿ ರೂಹೆ ಎಂದರೆ ಸದ್ದು ಮಾಡಬಾರದ ಹೊತ್ತು, ಭಾನುವಾರವಿಡೀ ಅದೇ. ನಮ್ಮ ಜಂಗಮಕೋಟೆಯಲ್ಲಿ ಪಕ್ಕದ ಮನೆ ಸದ್ದಿಲ್ಲದೆ ಇದ್ದರೆ ಯಾರಿಗೇನಾಯಿತೋ ಎಂದು ಹೋಗಿ ವಿಚಾರಿಸುತ್ತೇವೆ. ಇಲ್ಲಿ ಕುಕ್ಕರ್ ಕೂಗಿಸಲೂ ನನಗೆ ಹೆದರಿಕೆ.

ನಾನು ಬಂದದ್ದು ಚಿನ್ನದ ನ್ಯಾನೊಕಣಗಳ ಅಧ್ಯಯನಕ್ಕೆ. ಒಂದು ಕೂದಲಿನ ದಪ್ಪದಲ್ಲಿ ಸಾವಿರಾರು ಕಣಗಳು ಸಾಲಾಗಿ ಕೂರಬಹುದು, ಅಷ್ಟು ಸಣ್ಣವು. ಕೆಲವು ಕಣಗಳಲ್ಲಿ ಐದು ಹರಳುಗಳು ಒಂದು ನಡುಗೆರೆಯ ಸುತ್ತ ಕೂಡಿರುತ್ತವೆ. ಲೆಕ್ಕದ ಪ್ರಕಾರ ಐದು ಸೇರಿದರೂ ಸುತ್ತು ಪೂರ್ತಿಯಾಗದೆ ಸಣ್ಣ ಸೀಳು ಉಳಿಯಬೇಕು. ಆದರೆ ಪರಮಾಣುಗಳ ನಡುವಿನ ಅಂತರವೇ ಹಿಗ್ಗಿ ಅದನ್ನು ಮುಚ್ಚಿಬಿಡುತ್ತದೆ. ಆಗ ಒಳಗೆ ಹುಟ್ಟುವ ಬಿಗಿತವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಅಳೆಯುವುದು ನನ್ನ ಕೆಲಸ.

ಬಿಗಿತ ಒಂದೇ ಪಕ್ಕಕ್ಕೆ ಹೆಚ್ಚಾಗಿದೆಯೆಂದು ಕಂಡುಹಿಡಿದೆ. ಮಾರ್ಗದರ್ಶಕಿಗೆ ಬಹಳ ಸಂತೋಷವಾಯಿತು. ಲೇಖನ ಸಿದ್ಧವಾಯಿತು. ನನ್ನನ್ನು ಇನ್ನೊಂದು ವರ್ಷ ಉಳಿಸಿಕೊಳ್ಳುವುದು ಅದರ ಮೇಲೆ ನಿಂತಿತ್ತು. ಅದನ್ನು ಪತ್ರಿಕೆಗೆ ಕಳಿಸುವ ಮುಂಚೆ, ಒಂದು ಸಲ ನೋಡೋಣವೆಂದು ಕಣವನ್ನು ತಿರುಗಿಸಿ ಅಳೆದೆ. ಬಿಗಿತವೂ ಕಣದ ಜೊತೆ ತಿರುಗಬೇಕಿತ್ತು. ತಿರುಗಲಿಲ್ಲ. ಅದು ಚಿನ್ನದಲ್ಲಿರಲಿಲ್ಲ, ಚಿತ್ರ ತೆಗೆಯುವಾಗ ಕಣ ಮೆಲ್ಲನೆ ಸರಿದು ಚಿತ್ರವೇ ಸೊಟ್ಟಗಾಗಿತ್ತು.

ಎರಡು ದಿನ ಅನ್ನ ಸೇರಲಿಲ್ಲ. ಅಮ್ಮನಿಗೆ ಫೋನು ಮಾಡಿ ಲೆಕ್ಕ ತಪ್ಪಿದ್ದನ್ನು ಹೇಳಿದೆ. ಅವಳು ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು.

"ಅವ್ರಿಗೆ ಗೊತ್ತಾಗೈತಾ?"

"ಇಲ್ಲಮ್ಮ. ನಂಗೊಬ್ಳಿಗೇ ಗೊತ್ತು."

"ಹೇಳಿದ್ರೆ ವಾಪಸ್ ಕಳಿಸ್ಬಿಡ್ತಾರಾ?"

"ಕಳಿಸ್ಬೋದು."

"ಒಂದ್ಸಲ ತಟ್ಟೇಲಿ ರೋಗದ ಹುಳ ಕಂಡಾಗ, ನಿಮ್ಮಪ್ಪ ಬೈತಾರೆ ಅಂತ ನಾನು ಮುಚ್ಚಿಟ್ಟೆ ಕಣಮ್ಮ. ಮನೆ ತುಂಬಾ ಇದ್ದ ಹುಳವೆಲ್ಲಾ ಹೋಯ್ತು. ನೀನು ಇವತ್ತೇ ಹೇಳ್ಬಿಡು."

ಹೇಳಿದೆ. ಮಾರ್ಗದರ್ಶಕಿ ಎರಡೂ ಚಿತ್ರಗಳನ್ನು ಬಹಳ ಹೊತ್ತು ನೋಡಿ, "ಲೇಖನ ಬೇಡ. ಎಲ್ಲವನ್ನೂ ಮೊದಲಿಂದ ಅಳೆ," ಎಂದರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಮೂರು ತಿಂಗಳು ಮತ್ತೆ ಅಳೆದೆ. ಬಿಗಿತ ಇತ್ತು, ಮೊದಲು ಅಂದುಕೊಂಡದ್ದಕ್ಕಿಂತ ಕಡಿಮೆ. ಆದರೆ ಈ ಸಲ ಕಣದ ಜೊತೆಗೇ ತಿರುಗಿತು. ಇನ್ನೊಂದು ವರ್ಷ ಇರಬಹುದೆಂದು ಪತ್ರವೂ ಬಂತು.

"ಒಳ್ಳೇದಾಯ್ತಮ್ಮ," ಎಂದು ಅಮ್ಮ ಫೋನನ್ನು ಅಪ್ಪನಿಗೆ ಕೊಟ್ಟಳು.

"ಅಂದ್ರೆ ಇನ್ನೊಂದ್ ವರ್ಷ ಅಲ್ಲೇನಾ?" ಎಂದು ಅಪ್ಪ ಕೇಳಿದರು.

"ಹೂಂ ಅಪ್ಪ."

ನನಗೂ ಊರಿಗೆ ಹೋಗಬೇಕೆನಿಸಿತ್ತು. ಇಲ್ಲಿಯವರೇ ಕಳಿಸಿಬಿಟ್ಟಿದ್ದರೆ, ಆ ತೀರ್ಮಾನವನ್ನು ನಾನೇ ಮಾಡಬೇಕಿರಲಿಲ್ಲ. ಅದನ್ನು ಮಾತ್ರ ಇಬ್ಬರಿಗೂ ಹೇಳಲಿಲ್ಲ.