ಮತದಾನದ ದಿನ ನಾನು ಇಟ್ಟ ಉಪವಾಸ ಪ್ರಾರ್ಥನೆ

ಇದನ್ನು ಹೇಳಲು ನಾನು ತುಂಬ ತಡ ಮಾಡಿದೆ. ಹೇಳಬೇಕೆಂದು ಕೂತಾಗಲೆಲ್ಲ ಮಂಡಿನೋವು, ಕ್ರಿಸ್‌ಮಸ್, ಯಾರದೋ ಮದುವೆ — ಏನಾದರೊಂದು ನೆಪ ಸಿಗುತ್ತಿತ್ತು. ಇನ್ನು ಮುಂದೂಡಲಾರೆ. ನಮ್ಮ ಚರ್ಚಿನ ಸಭೆಯ ಒಬ್ಬ ಹೆಣ್ಣುಮಗಳು ವಾರ್ಡಿನ ಚುನಾವಣೆಗೆ ನಿಂತಿದ್ದಳು. ಅವಳು ಸೋಲಲೆಂದು ನಾನು ದೇವರ ಹೆಸರನ್ನು ಬಳಸಿದೆ. ಹೊಟ್ಟೆಕಿಚ್ಚಿನಿಂದ. ಬೇರೆ ಕಾರಣ ಇರಲಿಲ್ಲ.

ನಮ್ಮದು ಹೈದರಾಬಾದಿನ ಒಂದು ಬಡವರ ಬಸ್ತಿಯಲ್ಲಿರುವ ಸಣ್ಣ ಕನ್ನಡ ಸಭೆ. ಬೀದರ್, ಕಲಬುರಗಿ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಕ್ರೈಸ್ತ ಕುಟುಂಬಗಳು. ಪಾಸ್ಟರು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರ ಸಭೆ ನನ್ನ ಕೈಯಲ್ಲಿ. ನಾನು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದವನು, ಓದಿದ್ದು ಹೈಸ್ಕೂಲು. ಆದರೂ ಭಾನುವಾರ ನಾನು ಎದ್ದು ಗಂಟಲು ಸರಿಮಾಡಿಕೊಂಡರೆ ಹೆಂಗಸರು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಆಸ್ಪತ್ರೆಯ ವಿಷಯವಿರಲಿ, ಅತ್ತೆ ಸೊಸೆಯ ಜಗಳವಿರಲಿ, "ಅಣ್ಣಾರನ್ನ ಕೇಳೂಣು" ಎನ್ನುತ್ತಿದ್ದರು. ಆ ಮಾತು ನನಗೆ ಊಟಕ್ಕಿಂತ ರುಚಿಯಾಗಿತ್ತು.

ಚುನಾವಣೆಗೆ ನಿಂತ ಅವಳು ನಮ್ಮ ಸಂಡೇಸ್ಕೂಲಿನ ಟೀಚರು. ಗಂಡ ತೀರಿಕೊಂಡಿದ್ದ, ಕೋಠಿಯ ಬಟ್ಟೆ ಅಂಗಡಿಗಳಿಗೆ ಬ್ಲೌಸ್ ಹೊಲಿದು ಕೊಟ್ಟು ಮಗಳನ್ನು ಓದಿಸುತ್ತಿದ್ದಳು. ನಮ್ಮ ಬಸ್ತಿಯ ಕುಡಿಯುವ ನೀರಿನ ಪೈಪು ಗಟಾರದೊಳಗಿಂದಲೇ ಹಾದುಬರುತ್ತಿತ್ತು. ತುಕ್ಕು ಹಿಡಿದು ತೂತಾಗಿ, ನಳದಲ್ಲಿ ನಾರುವ ನೀರು ಬರುತ್ತಿತ್ತು. ಆ ಪೈಪು ಬದಲಿಸಿ ಎಂದು ಅವಳು ಆಫೀಸಿನಿಂದ ಆಫೀಸಿಗೆ ಅಲೆದಳು. ಯಾರೂ ಕೇಳಲಿಲ್ಲ. ಕೊನೆಗೆ ತಾನೇ ಕಾರ್ಪೊರೇಟರ್ ಚುನಾವಣೆಗೆ ನಿಲ್ಲುವುದಾಗಿ, ಯಾವ ಪಕ್ಷವೂ ಇಲ್ಲದೆ, ಆರಾಧನೆ ಮುಗಿದ ಮೇಲೆ ಸಭೆಯ ಮುಂದೆ ಹೇಳಿದಳು.

ನಾನು ಎದ್ದು ನಿಂತೆ. "ನಾವು ಪರಲೋಕದವರವಾ ತಂಗಿ. ಈ ಲೋಕದಾಗ ಬಾಡಿಗಿ ಇರಾಕ ಬಂದವರು. ನಮಗ್ಯಾಕ ಈ ರಾಜಕಾರಣ?" ಎಂದೆ.

ಅವಳು ಮೆಲ್ಲಗೆ ನಕ್ಕಳು. "ಬಾಡಿಗಿ ಮನಿ ಆದ್ರೂ ನಳ ಕೆಟ್ಟರ ರಿಪೇರಿ ಮಾಡಸ್ತೀವಿ ಅಲ್ರೀ ಅಣ್ಣಾರ? ಗಟಾರದ ನೀರ ಕುಡ್ಕೋತ ಕೂಡ್ತೀವೇನ್ರಿ?"

ಮುಂದಿನ ಚಾಪೆಯಲ್ಲಿದ್ದ ಶಾಂತಮ್ಮಾಯಿ — ಸಭೆಗೆಲ್ಲ ಹಿರಿಯ ಮುದುಕಿ — ಬೊಚ್ಚುಬಾಯಿ ತೆರೆದು, "ಮ್ಯಾಲಿನ ಮಾಲಕ ಬರೂತನಕ ಅಣ್ಣಾರು ಕಾಯ್ತಾರಂತ, ಬಿಡವಾ!" ಎಂದಳು.

ಇಡೀ ಸಭೆ ನಕ್ಕಿತು. ನನ್ನ ಹೆಂಡತಿಯೂ ನಕ್ಕಳು. ಆ ನಗು — ಅದೇ. ಅಂದಿನಿಂದ ನನಗೆ ನಿದ್ದೆ ಬರಲಿಲ್ಲ. ಮುಂದಿನ ವಾರಗಳಲ್ಲಿ ಚರ್ಚಿನ ಬಾಗಿಲಲ್ಲಿ ನಿಂತವರು ನನ್ನನ್ನು ದಾಟಿ ನೋಡುತ್ತ, "ಅಕ್ಕಾರು ಬಂದಾರೇನ್ರಿ?" ಎಂದು ಕೇಳತೊಡಗಿದರು. ನನ್ನನ್ನೇ ಕೇಳುತ್ತಿದ್ದರು, ಅವಳು ಬಂದಳೇ ಎಂದು!

ನಮ್ಮಂಥ ಸಭೆಗಳಲ್ಲಿ ಒಂದು ಕೆಟ್ಟ ರೂಢಿ ಇದೆ. ಮುಖಕ್ಕೆ ಹೇಳಲಾಗದ್ದನ್ನು ಪ್ರಾರ್ಥನೆಯಲ್ಲಿ ಹೇಳಿಬಿಡುವುದು. ಎಲ್ಲರ ಕಣ್ಣು ಮುಚ್ಚಿರುತ್ತವೆ. ದೇವರಿಗೆ ಹೇಳಿದ ಮಾತಿಗೆ ಯಾರೂ ಎದುರಾಡುವಂತಿಲ್ಲ. ನಾನು ಕೈಯೆತ್ತಿ ಪ್ರಾರ್ಥಿಸಿದೆ: "ಕರ್ತನೇ, ನಮ್ಮ ನಡುವಿನ ಒಬ್ಬ ಸಹೋದರಿ ಲೋಕದ ಕುರ್ಚಿಗೆ ಆಸೆಪಟ್ಟಿದ್ದಾಳೆ. ಆಕೆಯನ್ನು ತಗ್ಗಿಸು, ನಿನ್ನ ಮಂದೆಯನ್ನು ಕಾಪಾಡು." ಸಭೆಯೆಲ್ಲ "ಆಮೆನ್" ಎಂದಿತು. ಆ ದನಿಗಳಲ್ಲಿ ಅವಳದೂ ಇತ್ತು. ಸಣ್ಣಗೆ, ಎಲ್ಲರಿಗಿಂತ ಕೊನೆಗೆ — ಅವಳೂ ಆಮೆನ್ ಎಂದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ... ನಿಲ್ಲಿಸಲಿಲ್ಲ. ಮತದಾನದ ದಿನವೇ ಉಪವಾಸ ಪ್ರಾರ್ಥನೆ ಇಟ್ಟೆ. ರಜೆ ಇದೆ, ದೇವರಿಗೆ ಕೊಡೋಣ ಎಂದೆ. ಬೆಳಿಗ್ಗೆ ಕೂತವರು ಸಂಜೆಯವರೆಗೆ ಏಳಬಾರದು, ಎದ್ದರೆ ಉಪವಾಸ ಮುರಿದಂತೆ ಎಂದೆ. ಮುದುಕರು, ಹೆಂಗಸರು, ಅವಳಿಗೇ ಓಟು ಹಾಕಬೇಕೆಂದಿದ್ದವರು ದೇವರಿಗೆ ಹೆದರಿ ಬಂದು ಕೂತರು. ಕೆಲವು ಹುಡುಗರು ಮಾತ್ರ ಜಾರಿಕೊಂಡರು.

ಈಗ ಹೇಳಬೇಕಾದದ್ದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಆ ದಿನ ಬೂತಿನ ಬಾಗಿಲು ತೆರೆಯುವ ಮೊದಲೇ ನಾನು ಸಾಲಿನಲ್ಲಿ ನಿಂತಿದ್ದೆ. ಓಟು ಹಾಕಿದೆ. ಆ ಪೈಪಿನ ಕಡೆ ಎಂದೂ ತಿರುಗಿ ನೋಡದ ಹಳೆಯ ಕಾರ್ಪೊರೇಟರನಿಗೆ ಹಾಕಿದೆ. ಅವನು ಒಮ್ಮೆ ನನಗೆ ಶಾಲು ಹೊದಿಸಿದ್ದ. ಮನೆಗೆ ಬಂದು ಬೆರಳಿನ ಮಸಿ ಕಾಣದಂತೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿದೆ. ಬ್ಲೇಡು ತಾಗಿತೆಂದು ಸುಳ್ಳು ಹೇಳಿದೆ. ಚರ್ಚಿನಲ್ಲಿ ಶಾಂತಮ್ಮಾಯಿ ಆ ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ಯಪ್ಪಾ ಕರ್ತನೇ, ಇವರ ಗಾಯ ಮಾಯಿಸಪ್ಪಾ" ಎಂದು ಕಣ್ಣೀರು ಹಾಕಿ ಬೇಡಿಕೊಂಡಳು. ನಾನು ಕೈ ಎಳೆದುಕೊಳ್ಳಲಿಲ್ಲ.

ಸಂಜೆ ಮತದಾನ ಮುಗಿದ ಮೇಲೆ ಅವಳು ಚರ್ಚಿಗೆ ಬಂದಳು. ಉಪವಾಸವಿದ್ದವರಿಗೆಂದು ಬಾಳೆಹಣ್ಣು ತಂದಿದ್ದಳು. ತಾನೇ ಎಲ್ಲರಿಗೂ ಹಂಚಿದಳು. ನನಗೂ ಒಂದು ಹಣ್ಣು ಕೊಟ್ಟಳು, ತಿಂದೆ.

ಅವಳು ಸೋತಳು. ಸೋತ ಅಂತರ ನಮ್ಮ ಚಾಪೆಗಳ ಮೇಲೆ ಕೂತಿದ್ದವರಿಗಿಂತ ಹೆಚ್ಚೇನಿರಲಿಲ್ಲ. ಪೈಪು ಹಾಗೆಯೇ ಉಳಿಯಿತು. ಮರು ಬೇಸಿಗೆಯಲ್ಲಿ ಬಸ್ತಿಗೆ ಕಾಮಾಲೆ ಬಂತು. ನಾನು ಮನೆಮನೆಗೆ ಹೋಗಿ ಹಾಸಿಗೆಯ ಪಕ್ಕ ಪ್ರಾರ್ಥಿಸಿದೆ. ಜನ ಮತ್ತೆ ನನ್ನ ಕೈಹಿಡಿದು ಅಣ್ಣಾರ ಎಂದರು, ಮತ್ತೆ ನನ್ನ ದಾರಿ ಕಾದರು — ಅದು ನನಗೆ ಹಿತವಾಗಿತ್ತು. ಹೌದು, ಹಿತವಾಗಿತ್ತು. ಅವಳು ಅದೇ ಮನೆಗಳಿಗೆ ಕಾಯಿಸಿದ ನೀರು ಹೊತ್ತುಕೊಂಡು ಹೋಗುತ್ತಿದ್ದಳು.

ಶಾಂತಮ್ಮಾಯಿ ಉಳಿಯಲಿಲ್ಲ. ಮಣ್ಣಿಗೆ ನಾನೇ ಪ್ರಾರ್ಥನೆ ಮಾಡಿದೆ, ದೇವರ ಚಿತ್ತ ನೆರವೇರಿತು ಎಂದೆ. ಎಲ್ಲರೂ ಹೊರಟ ಮೇಲೆ ಸಂಡೇಸ್ಕೂಲಿನ ಆ ಹೆಣ್ಣುಮಗಳು ನನ್ನ ಹತ್ತಿರ ಬಂದು, "ಅಣ್ಣಾರ, ಇದು ದೇವರ ಚಿತ್ತ ಏನ್ರಿ?" ಎಂದಳು.

ಅಲ್ಲಿ ನಿಜ ಹೇಳಬಹುದಿತ್ತು. "ಹೌದವಾ" ಎಂದೆ.

ಅವಳು ತಿರುಗಿ ನಡೆದಳು. ಆಮೇಲೆ ನಮ್ಮ ಸಭೆಗೆ ಬರಲಿಲ್ಲ. ಮಗಳಿಗೆ ಕೆಲಸವಾದ ಮೇಲೆ ಕೊಂಡಾಪುರಕ್ಕೆ ಹೋದಳೆಂದು ಕೇಳಿದೆ.

ಓಟು ನಮ್ಮಂಥ ಭಕ್ತರಿಗಲ್ಲ ಎಂದು ಇಂದಿಗೂ ಹೇಳುವವರಿದ್ದಾರೆ. ಅವರಿಗೆ ನನ್ನದೊಂದೇ ಮಾತು. ಅದು ಬೆಲೆಯಿಲ್ಲದ್ದಾಗಿದ್ದರೆ ನಾನೇಕೆ ಕತ್ತಲಿರುವಾಗಲೇ ಎದ್ದು ಓಡಿದೆ? ಅದರ ಬೆಲೆ ನನಗೆ ಗೊತ್ತಿತ್ತು. ಅದಕ್ಕೇ ಉಳಿದವರ ಕೈಯಿಂದ ಕಸಿದುಕೊಂಡೆ. ನೆರೆಯವರನ್ನು ಪ್ರೀತಿಸಿರಿ ಎಂದು ಬಾಯಿತುಂಬ ಹೇಳುವವರು ನಾವು. ನೆರೆಯವರ ನಳದ ನೀರು ಆ ಪ್ರೀತಿಗೆ ಸೇರುವುದಿಲ್ಲವೇ? ಪ್ರಾರ್ಥಿಸಿ. ಪ್ರಾರ್ಥಿಸಿ ಎದ್ದು ಹೋಗಿ ಓಟು ಹಾಕಿ, ಗಟಾರದ ಬಗ್ಗೆ ಕೇಳಿ, ನಿಲ್ಲುವ ಧೈರ್ಯವಿದ್ದವರು ನಿಲ್ಲಿ. ಯಾರಿಗೆ ಹಾಕಬೇಕೆಂದು ನಾನು ಹೇಳುವುದಿಲ್ಲ. ಆ ಯೋಗ್ಯತೆ ನನಗಿಲ್ಲ.

ಈ ಭಾನುವಾರ ಇದನ್ನು ಸಭೆಯ ಮುಂದೆ ಓದುತ್ತೇನೆ — ಪ್ರಾರ್ಥನೆಯಲ್ಲಿ ಅಲ್ಲ, ಎಲ್ಲರೂ ಕಣ್ಣು ತೆರೆದಿರುವಾಗ. ಅದಕ್ಕೂ ಮೊದಲು ಕೊಂಡಾಪುರಕ್ಕೆ ಹೋಗಿ ಅವಳ ಬಾಗಿಲು ತಟ್ಟಬೇಕು. ತೆರೆಯದಿದ್ದರೆ ಅದು ಅವಳ ಹಕ್ಕು. ತೆರೆದರೆ ಏನು ಹೇಳಲಿ ಎಂದು — ಎಷ್ಟು ಸಲ ಬರೆದು ಹೊಡೆದುಹಾಕಿದೆನೋ. ಅವಳ ಮುಂದೆ ಮಾತು ಹೊರಡುವುದೋ ಇಲ್ಲವೋ, ಇಲ್ಲಿಯಾದರೂ ಬರೆದಿಡುತ್ತೇನೆ. ನಾನು ಇಂದಿಗೂ ಕ್ಷಮೆ ಕೇಳದ ಆ ಹೆಣ್ಣುಮಗಳ ಹೆಸರು ಸುಗುಣಾ.