ಶೇಷ ಹನ್ನೆರಡು ಪುಟ್ಟಿ

ತೊಂಡೆ ಎಲೆಯನ್ನು ಅಂಗೈಯಲ್ಲಿಟ್ಟು ಹಿಚುಕಿದರೆ ಬರುವ ಹಸಿ ವಾಸನೆ ನಿಮಗೂ ಗೊತ್ತಿರಬಹುದು. ಸುವಾಸನೆ ಅಂತ ಯಾರೂ ಅದನ್ನು ಹೊಗಳಲಾರರು. ಮೊನ್ನೆ ಸಂತೆಯಿಂದ ತಂದ ತೊಂಡೆಕಾಯಿಯ ಜೊತೆ ನಾಲ್ಕಾರು ಎಲೆಗಳೂ ಚೀಲದಲ್ಲಿ ಬಂದಿದ್ದವು. ಬಿಸಾಡಲು ಹೋದ ಕೈ ನನ್ನನ್ನು ಕೇಳದೆಯೇ ಅವನ್ನು ಹಿಚುಕಿಬಿಟ್ಟಿತು. ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದೂ ನನಗೆ ತಿಳಿಯಲಿಲ್ಲ. ನಾನು ಮತ್ತೆ ಹುಡುಗಿಯಾಗಿ ಹಗರಿಬೊಮ್ಮನಹಳ್ಳಿಯ ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಮೊಣಕೈವರೆಗೂ ಮಸಿ ಮೆತ್ತಿಕೊಂಡು ಕೂತಿದ್ದೆ. ಎದುರಿಗೆ ನನ್ನ ತಮ್ಮ, ಹೆಸರು ಸಮಾಧಾನ. ನಮ್ಮಿಬ್ಬರ ನಡುವೆ ಅವ್ವನ ಕರಿಹಲಗೆ. ಇದ್ದಿಲು ಪುಡಿ ಮಾಡಿ, ತೊಂಡೆ ಎಲೆಯ ರಸದಲ್ಲಿ ಕಲಸಿ ಹಲಗೆಗೆ ತಿಕ್ಕುವ ಆ ಕೆಲಸ ವರ್ಷಕ್ಕೊಮ್ಮೆ, ಈಸ್ಟರ್ ಕಳೆದು ಬಿಸಿಲು ಬಲಿತ ಮೇಲೆ ಬರುತ್ತಿತ್ತು. ಹಲಗೆ ಕಪ್ಪಾಯಿತೆಂದರೆ ನಮ್ಮ ಮನೆಯ ಶಾಲೆಗೆ ವರ್ಷ ಮುಗಿದ ಹಾಗೆ. ಪರೀಕ್ಷೆಯೊಂದು ಬಾಕಿ.

ಹೌದು, ಮನೆಯೇ ಶಾಲೆ. ಅದರ ಹಿಂದೆ ದೊಡ್ಡ ತತ್ವವೇನೂ ಇರಲಿಲ್ಲ. ಅಪ್ಪ ಪಾಸ್ಟರು, ಸಭೆಯ ಹಿರಿಯರು ಎಲ್ಲಿಗೆ ಹೋಗು ಅಂದರೆ ಅಲ್ಲಿಗೆ ಟ್ರಂಕು ಎತ್ತಿಕೊಂಡು ಹೊರಡುವವರು. ಒಂದೇ ವರ್ಷದಲ್ಲಿ ಕೂಡ್ಲಿಗಿ, ಹೂವಿನಹಡಗಲಿ, ಕೊಟ್ಟೂರು ಮೂರೂ ಆದವು. ನಾವು ಕಾಲಿಟ್ಟ ಪ್ರತಿ ಶಾಲೆಯಲ್ಲೂ ಮಳೆ ಹೇಗೆ ಬರುತ್ತದೆ ಎಂಬ ಪಾಠವೇ ನಡೆಯುತ್ತಿತ್ತು. ಸಮಾಧಾನ ಅದನ್ನು ಮೂರು ಸಲ ಕಲಿತ. ಮೂರು ಊರಿನಲ್ಲೂ ಮಳೆ ಮಾತ್ರ ಬರಲಿಲ್ಲ. ಅವ್ವ ಮದುವೆಗೆ ಮೊದಲು ಟೀಚರಾಗಿದ್ದವಳು. ಹಗರಿಬೊಮ್ಮನಹಳ್ಳಿಗೆ ಬಂದಿಳಿದ ದಿನ ಟ್ರಂಕಿನ ಮೇಲೆ ಕೂತು, ಇನ್ನು ಮೇಲೆ ಮಕ್ಕಳಿಗೆ ನಾನೇ ಪಾಠ ಹೇಳುತ್ತೇನೆ, ಊರು ಬದಲಾದರೆ ಹಲಗೆಯನ್ನೂ ಹೊತ್ತುಕೊಂಡು ಹೋಗೋಣ ಅಂದಳು. ಅಪ್ಪ, ಪ್ರಾರ್ಥನೆ ಮಾಡಿ ಹೇಳುತ್ತೇನೆ ಅಂದರು. ಅವರು ಪ್ರಾರ್ಥನೆ ಮುಗಿಸಿ ಕಣ್ಣು ತೆರೆಯುವಷ್ಟರಲ್ಲಿ ಅವ್ವ ಗೋಡೆಗೆ ಮೊಳೆ ಹೊಡೆದು ಹಲಗೆ ತೂಗುಹಾಕಿದ್ದಳು.

ಮನೆ ಅಂತ ಸಡಿಲ ಬಿಡುವ ಹೆಂಗಸಲ್ಲ ಅವಳು. ಬೆಳಿಗ್ಗೆ ಕೀರ್ತನೆ, ಪ್ರಾರ್ಥನೆ, ಉಪ್ಪಿಟ್ಟು ಆದ ಮೇಲೆ ನಾವು ಚೀಲ ಹೆಗಲಿಗೇರಿಸಿ ಮುಂಬಾಗಿಲಿನಿಂದ ಹೊರಟು, ಓಣಿ ಸುತ್ತಿ, ಹಿತ್ತಲ ಬಾಗಿಲಿನಿಂದ ಶಾಲೆಗೆ ಬರಬೇಕು. ತಡವಾದರೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಲ್ಲಬೇಕು. ನಾವು ಒಳಗೆ ಬರುವ ಹೊತ್ತಿಗೆ ಅವ್ವ ಸೆರಗನ್ನು ಪಿನ್ನಿನಿಂದ ಸಿಕ್ಕಿಸಿಕೊಂಡು ಟೀಚರಾಗಿರುತ್ತಿದ್ದಳು. ಆ ಪಿನ್ನು ಇರುವವರೆಗೆ ಅವಳನ್ನು ಅವ್ವ ಅನ್ನುವ ಹಾಗಿರಲಿಲ್ಲ. ಸಮಾಧಾನನಿಗೆ ಹಸಿವಾದರೆ ಎದ್ದು ಕೈಕಟ್ಟಿ ನಿಂತು, "ಟೀಚರ್ರಿ, ಅವ್ವನ ಕಡಿ ಹೋಗಿ ಬರ್ಲೇನ್ರಿ?" ಅಂತ ಕೇಳಬೇಕು. ಟೀಚರು ಗಡಿಯಾರ ನೋಡಿ, "ಹೋಗು, ಲಗೂನ ಬಾ" ಅನ್ನುವರು. ಅವನು ನಡುಮನೆ ದಾಟಿ ಹೋಗುವಷ್ಟರಲ್ಲಿ ಅವಳು ಹಿತ್ತಲಿನಿಂದ ಓಡಿ ಅಡುಗೆಮನೆ ಸೇರಿ, ಪಿನ್ನು ಕಿತ್ತು, ಬೆಳಗಿನಿಂದ ಮಗನ ಮುಖವನ್ನೇ ನೋಡದವಳಂತೆ ತಲೆ ನೇವರಿಸಿ ಶೇಂಗಾ ಬೆಲ್ಲ ಕೊಡುತ್ತಿದ್ದಳು. ಅವನು ಬಾಯಿ ಒರೆಸಿಕೊಂಡು ಬಂದಾಗ ಟೀಚರು ಏದುಸಿರು ಬಿಡುತ್ತ ಹಲಗೆಯ ಮುಂದೆ ನಿಂತಿರುತ್ತಿದ್ದರು. ನಿಮ್ಮ ಅವ್ವ ನಿನ್ನನ್ನು ಬಹಳ ಮುದ್ದು ಮಾಡಿ ಕೆಡಿಸಿದ್ದಾಳೆ ಅಂತ ಬೈಯುತ್ತಲೂ ಇದ್ದರು. ಸಮಾಧಾನ ಅದನ್ನು ಸಂಜೆ ಅವ್ವನ ಹತ್ತಿರ ಚಾಡಿ ಹೇಳುತ್ತಿದ್ದ. ಆ ಟೀಚರ್ ಸ್ವಲ್ಪ ಸಿಡುಕಿ ಅಂತ ಅವ್ವನೂ ಒಪ್ಪುತ್ತಿದ್ದಳು.

ಲೆಕ್ಕಕ್ಕೆ ಉದಾಹರಣೆ ಸಾಲದೆ ಹೋದಾಗ ಅವಳು ಬೈಬಲ್ಲಿಗೆ ಕೈ ಹಾಕುತ್ತಿದ್ದಳು. ನೋಹನ ನಾವೆಯ ಉದ್ದಗಲ ಗುಣಿಸಿದ್ದೆವು. ಒಂಬೈನೂರ ಅರವತ್ತೊಂಬತ್ತು ವರ್ಷ ಬದುಕಿದ ಮೆತೂಷೆಲಹನ ವಯಸ್ಸಿನಲ್ಲಿ ಅಪ್ಪನ ವಯಸ್ಸು ಕಳೆದು, ಅಪ್ಪ ಇನ್ನೂ ಎಷ್ಟು ಚಿಕ್ಕವರು ಅಂತ ಸಂತೋಷಪಟ್ಟಿದ್ದೆವು. ತೊಂದರೆ ಸಮಾಧಾನನದು. ನೂರು ಕುರಿಯಲ್ಲಿ ಒಂದು ತಪ್ಪಿಸಿಕೊಂಡರೆ ಉಳಿದದ್ದೆಷ್ಟು ಅಂದರೆ ಅವನು ನೂರು ಅನ್ನುತ್ತಿದ್ದ. ಬೈಬಲ್ಲಿನ ಕುರುಬ ಅದನ್ನು ಹುಡುಕಿ ತಂದನಲ್ಲ ಅನ್ನುವುದು ಅವನ ವಾದ. ಅವ್ವ ನಕ್ಕು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದಳು. ಅಲ್ಲೇ ಕಿವಿ ಹಿಂಡಿದ್ದರೆ ಮುಂದಿನ ಗಂಡಾಂತರ ತಪ್ಪುತ್ತಿತ್ತೋ ಏನೋ.

ಅವಳ ಪರೀಕ್ಷೆಗೆ ಕಾಗದ ಪೆನ್ನು ಬೇಕಿರಲಿಲ್ಲ. ವರ್ಷದ ಒಂದು ಪಾಠವನ್ನು, ಅದು ಗೊತ್ತಿಲ್ಲದ ಒಬ್ಬರಿಗೆ ತಿಳಿಯುವಂತೆ ಹೇಳಿಕೊಡಬೇಕು. ಅವರಿಗೆ ತಿಳಿದರೆ ನಾವು ಪಾಸು. ಹಾಗಾಗಿ ವರ್ಷದ ಕೊನೆ ಬಂತೆಂದರೆ ನಾವು ಗೊತ್ತಿಲ್ಲದವರನ್ನು ಹುಡುಕಿಕೊಂಡು ಓಣಿ ಅಲೆಯುತ್ತಿದ್ದೆವು. ನಮ್ಮನ್ನು ಕಂಡು ಜನ ಬಾಗಿಲು ಮುಂದಕ್ಕೆಳೆದುಕೊಳ್ಳುತ್ತಿದ್ದರು. ಯಾವಾಗಲೂ ಸಿಗುತ್ತಿದ್ದವಳು ಪಕ್ಕದ ಮನೆಯ ಕೊಟ್ರವ್ವ. ಹಡಗಲಿಯ ಬಸ್ಸಿನಲ್ಲಿ ಬರುವ ಮಲ್ಲಿಗೆ ಮೊಗ್ಗು ಕಟ್ಟಿ ಮಾರುವವಳು. ಕೈಗಷ್ಟೇ ಕೆಲಸ, ಕಿವಿ ಖಾಲಿ. ಪರೀಕ್ಷೆ ಮುಗಿದ ಮಧ್ಯಾಹ್ನ, ಯಾವ ವರ್ಷವೇ ಆಗಲಿ ನಮ್ಮಿಂದ ಪಾಠ ಹೇಳಿಸಿಕೊಂಡವರಿಗೆಲ್ಲ ನಮ್ಮಲ್ಲಿ ಊಟ ಎಂದು ಅವ್ವ ಓಣಿಗೆಲ್ಲ ಹೇಳಿ ಬರುತ್ತಿದ್ದಳು. ಪಾಸ್ಟರ ಮನೆಯ ಊಟ ಅಂತ ಉಳಿದವರಿಗೆ ಸಂಕೋಚ. ಬರುತ್ತಿದ್ದವಳು ಕೊಟ್ರವ್ವ ಒಬ್ಬಳೇ.

ನಾನು ಹೇಳುತ್ತಿರುವ ವರ್ಷ ಪರೀಕ್ಷೆಗೆ ದೊಡ್ಡತ್ತೆ ಬಂದರು. ಅಪ್ಪನ ಅಕ್ಕ, ಬಳ್ಳಾರಿಯಲ್ಲಿ ಹುಡುಗ ಹುಡುಗಿಯರ ಹಾಸ್ಟೆಲಿಗೆ ವಾರ್ಡನ್. ಅವರು ಕೆಮ್ಮಿದರೆ ಅಪ್ಪ ಈಗಲೂ ಎದ್ದು ನಿಲ್ಲುತ್ತಿದ್ದರು. ಮನೆಯಲ್ಲಿ ಶಾಲೆ ಎಂಬುದು ಅವರಿಗೆ ಮೊದಲಿನಿಂದಲೂ ಮಕ್ಕಳಾಟ. ಅವ್ವನನ್ನು ಕೂರಿಸಿಕೊಂಡು, ಈ ಸಲ ತೀರ್ಪು ತಾವೇ ಕೊಡುವುದಾಗಿ ಹೇಳಿದರು. "ಒಬ್ಬರು ಫೇಲಾದ್ರೂ ಇಬ್ಬರನ್ನೂ ಜೂನಿಗೆ ಬಳ್ಳಾರಿಗೆ ಕರಕೊಂಡು ಹೋಗ್ತೀನಿ. ಆಮ್ಯಾಲೆ ಅಳಬ್ಯಾಡ." ಅವ್ವ ಆಗಲಿ ಅಕ್ಕಾ ಅಂದಳು, ಬೇರೇನು ತಾನೇ ಅಂದಾಳು. ಹಲಗೆಗೆ ಮಸಿ ತಿಕ್ಕುತ್ತಿದ್ದ ಸಮಾಧಾನ ತಲೆಯೆತ್ತಿ ನನ್ನನ್ನು ಕೇಳಿದ: "ಅಕ್ಕಾ, ಹಾಸ್ಟೆಲಿನ್ಯಾಗ ಅವ್ವನ ಕಡಿ ಹೋಗಿ ಬರಾಕ ಬಿಡ್ತಾರೇನು?" ನಾನು ಇನ್ನೂ ಜೋರಾಗಿ ತಿಕ್ಕಿದೆ. ಬಳ್ಳಾರಿಗೆ ಹೋಗುವುದಕ್ಕಿಂತ ಹೆಚ್ಚಿನ ಹೆದರಿಕೆ ಆಗ ನನಗೆ ಲೋಕದಲ್ಲಿ ಇನ್ನೊಂದಿರಲಿಲ್ಲ.

ಮರುದಿನ ಕೊಟ್ರವ್ವ ಹೂವಿನ ಬುಟ್ಟಿಯ ಸಮೇತ ಬಂದು ಹಲಗೆಯ ಮುಂದೆ ಕೂತಳು. ನಾನು ತೆಂಗಿನಕಾಯಿ, ಲಾಟೀನು ಹಿಡಿದು ಹಗಲು ರಾತ್ರಿ ಹೇಗಾಗುತ್ತವೆ ಎಂದು ಹೇಳಿಕೊಟ್ಟೆ. ಹಾಗಾದರೆ ರಾತ್ರಿ ಅಂದರೆ ಸೂರ್ಯ ಎಲ್ಲೂ ಹೋಗಿರುವುದಿಲ್ಲ, ನಾವೇ ಅವನಿಗೆ ಬೆನ್ನು ಮಾಡಿರುತ್ತೇವೆ ಅನ್ನು ಅಂದಳು. ದೊಡ್ಡತ್ತೆ ತಲೆಯಾಡಿಸಿದರು. ನಾನು ಪಾಸು.

ಸಮಾಧಾನನ ಪಾಠ ಭಾಗಾಕಾರ. ಇಪ್ಪತ್ತನ್ನು ನಾಲ್ಕರಿಂದ ಭಾಗಿಸು ಅಂತ ಅವ್ವ ವಾರವೆಲ್ಲ ಹೇಳಿಕೊಟ್ಟಿದ್ದಳು. ಆದರೆ ಕೊಟ್ರವ್ವನಂಥ ಹಿರಿಯ ವಿದ್ಯಾರ್ಥಿನಿಗೆ ಇಪ್ಪತ್ತು ಯಾವ ಲೆಕ್ಕ ಅನ್ನಿಸಿತೋ ಏನೋ, ಅವನು ಎದ್ದು ನಿಂತು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದ: ಐದು ರೊಟ್ಟಿ, ಎರಡು ಮೀನು, ಐದು ಸಾವಿರ ಜನ. ಅವ್ವ ಕಣ್ಣು ಮುಚ್ಚಿಕೊಂಡಳು. ರೊಟ್ಟಿ ಬಿಸಿಯವೋ ಕಡಕೋ ಎಂದು ಕೊಟ್ರವ್ವ ಕೇಳಿದಳು. ಕಡಕ್ ಇರಬೇಕು, ದೂರದ ಬುತ್ತಿ ಅಂದ ಅವನು. "ಹಂಗಾರ ನನ್ನ ಪಾಲಿನ ಮೀನು ಬಿಟ್ಟು ಹಂಚಪ್ಪ, ನಮ್ಮನ್ಯಾಗ ತಿನ್ನಂಗಿಲ್ಲ" ಅಂದಳು. ಅವನು ಗುರುವಿಗೆ ತಕ್ಕ ಗಾಂಭೀರ್ಯದಿಂದ ಮೀನುಗಳನ್ನು ಒರೆಸಿದ. ಬೈಬಲ್ಲಿನ ಕಥೆಯಲ್ಲಿ ಕರ್ತನು ಆ ರೊಟ್ಟಿ ಹಿಡಿದು, ಪ್ರಾರ್ಥಿಸಿ, ಮುರಿದು ಹಂಚಿದ್ದನ್ನು ಸೊಗಸಾಗಿಯೇ ವಿವರಿಸಿ, ಕೆಳಗೆ ಉತ್ತರ ಬರೆದ: ಒಬ್ಬರಿಗೆ ಹೊಟ್ಟೆ ತುಂಬ. ಶೇಷ ಹನ್ನೆರಡು ಪುಟ್ಟಿ.

ಐದು ರೊಟ್ಟಿ ಹಂಚಿದರೆ ಶೇಷ ಹನ್ನೆರಡು ಬುಟ್ಟಿ ಹೇಗಾಯಿತು ಅಂತ ದೊಡ್ಡತ್ತೆ ಕೇಳಿದರು. ಹಾಗೇ ಬರೆದಿದೆ ಅಂದ. ದೊಡ್ಡತ್ತೆ ಅಪ್ಪನ ಕಡೆ ತಿರುಗಿದರು. ಪಾಸ್ಟರಾಗಿ ಉತ್ತರ ತಪ್ಪು ಅನ್ನುವಂತಿಲ್ಲ, ಅಕ್ಕನ ಮುಂದೆ ಸರಿ ಅನ್ನುವಂತಿಲ್ಲ; ಅಪ್ಪ ನೀರು ಕುಡಿಯಲು ಎದ್ದು ಹೋದರು. "ನನಗಂತೂ ತಿಳೀತ್ರಿ" ಅಂದಳು ಕೊಟ್ರವ್ವ, ಯಾರೂ ಕೇಳದಿದ್ದರೂ. ದೊಡ್ಡತ್ತೆ ಕನ್ನಡಕ ತೆಗೆದು, ಫೇಲು ಅಂದರು. ಅವ್ವ ಎದ್ದು ಅಡುಗೆಮನೆಗೆ ಹೋದಳು. ಪಿನ್ನು ತೆಗೆಯುವುದನ್ನೂ ಮರೆತಿದ್ದಳು. ಪಿನ್ನು ಹಾಕಿಕೊಂಡು ಒಲೆಯ ಮುಂದೆ ಅಳುವುದು ಟೀಚರೋ ಅವ್ವನೋ ತಿಳಿಯದೆ ಸಮಾಧಾನ ಬಾಗಿಲಲ್ಲೇ ನಿಂತುಬಿಟ್ಟ. ಕೊಟ್ರವ್ವ ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ಊಟದ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಅವ್ವ ಬೇಯಿಸಿದ್ದು ಮನೆಯವರಿಗೆ ಮತ್ತು ಕೊಟ್ರವ್ವನಿಗೆ ಆಗುವಷ್ಟು ಅನ್ನ ಸಾರು. ಹೊರಗೆ ನೋಡಿದರೆ ಇಡೀ ಓಣಿ. ಹುಡುಗರನ್ನು ಬಳ್ಳಾರಿಗೆ ಕಳಿಸುತ್ತಾರಂತೆ ಎಂಬ ಸುದ್ದಿಯನ್ನು ಕೊಟ್ರವ್ವ ಮನೆ ಮನೆಗೆ ಹೂವಿನ ಜೊತೆ ಹಂಚಿ ಬಂದಿದ್ದಳು. ರೈಲ್ವೆ ಗೇಟಿನವನು, ನಾನೂ ಇದೇ ಶಾಲೆಯಲ್ಲಿ ಶ್ವಾಸಕೋಶ ಕಲಿತಿದ್ದೇನೆ ಅಂದ. ಹಿಂದಿನ ಮನೆಯ ಕುರಿ ಸಾಕುವ ಗಂಡ ಹೆಂಡತಿ ಏನನ್ನೂ ಕಲಿತವರಲ್ಲ. ಬರುವ ದಾರಿಯಲ್ಲಿ ಯಾರಿಂದಲೋ ಗಾಳಿಗೂ ತೂಕ ಇದೆ ಎಂದು ಕಲಿತುಕೊಂಡು ಬಂದಿದ್ದರು. ಎಲ್ಲರ ಸೆರಗಿನಡಿ, ಟವೆಲಿನಡಿ ಏನೋ ಒಂದು ಇತ್ತು: ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಒಗ್ಗರಣೆ ಹಾಕಿದ ಮಂಡಕ್ಕಿ. ಹಸಿದವರು ಸಾಲಾಗಿ ಕೂತರೆ ವಾರ್ಡನ್ ಆದವರು ಸುಮ್ಮನಿರಲಾರರು. ದೊಡ್ಡತ್ತೆ ಗೊಣಗುತ್ತಲೇ ಸೌಟು ಕೈಗೆತ್ತಿಕೊಂಡರು. ಯಾರಿಗೆ ಸಾಕು, ಯಾರಿಗೆ ಬೇಕು ಅಂತ ಗದರುತ್ತ ಬಡಿಸಿದರು. ಅಪ್ಪನಿಗೂ ಗದರಿದರು.

ಎಲ್ಲರೂ ಕೈತೊಳೆದು ಹೋದ ಮೇಲೂ ಅವರು ತಂದ ಬುಟ್ಟಿಗಳಲ್ಲಿ ಊಟ ಇನ್ನೂ ಮಿಕ್ಕಿತ್ತು. ನಮ್ಮ ಪಾತ್ರೆಗಳು ಸಾಲದೆ ಬಾಳೆಲೆಯಲ್ಲಿ ರೊಟ್ಟಿ ಪೇರಿಸಿದ್ದೆವು. ದೊಡ್ಡತ್ತೆ ಅದನ್ನೆಲ್ಲ ಒಂದೊಂದಾಗಿ ಎಣಿಸಿ ನೋಡಿದರು. ಆಮೇಲೆ ಸಮಾಧಾನನನ್ನು ಹತ್ತಿರ ಕರೆದರು. ಅವನು ಅಳಲು ತಯಾರಾಗಿಯೇ ಹೋದ.

"ಇದು ಭಾಗಾಕಾರ ಅಲ್ಲಲೇ, ಕೂಡಿಸೋ ಲೆಕ್ಕ" ಅಂದರು. "ಬರೋ ವರ್ಷ ಎರಡನ್ನೂ ಬ್ಯಾರೆ ಮಾಡಿ ಕಲಿ. ನಿಮ್ಮ ಟೀಚರಿಗೆ ಕೇಳು, ಹೇಳಿಕೊಡ್ತಾರ."

ಅವ್ವನನ್ನು ಅವರು ಟೀಚರ್ ಅಂದದ್ದು ಅದೇ ಮೊದಲು. ಅವ್ವ ಪಿನ್ನು ಮುಟ್ಟಿ ನೋಡಿಕೊಂಡಳು.

ಹಾಗೆ ಸಿಕ್ಕಿದ್ದು ಒಂದು ವರ್ಷ. ಅದರ ಮುಂದಿನ ಜೂನಿನಲ್ಲಿ ನಾವು ಬಳ್ಳಾರಿಗೆ ಹೋದೆವು; ಯಾರೂ ಫೇಲಾಗಿರಲಿಲ್ಲ, ನಿನ್ನ ಹೈಸ್ಕೂಲಿನ ಪಾಠ ನನ್ನ ಹಲಗೆಗೆ ಹಿಡಿಸುವುದಿಲ್ಲ, ತಮ್ಮನೂ ನಿನ್ನ ಜೊತೆಗಿರಲಿ ಅಂತ ಅವ್ವನೇ ಹಾಸಿಗೆ ಸುತ್ತಿ ಕೊಟ್ಟಳು. ಈಗ ಆ ಮನೆಯಿಲ್ಲ, ಹಲಗೆ ಯಾವ ಊರಿನಲ್ಲಿ ಉಳಿಯಿತೋ ಗೊತ್ತಿಲ್ಲ. ದೊಡ್ಡತ್ತೆ ಹೋದರು, ಅಪ್ಪ ಹೋದರು. ಸಮಾಧಾನ ಹರಪನಹಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾನೆ ಅಂದರೆ ನೀವು ನಂಬಲಿಕ್ಕಿಲ್ಲ. ಹೋದ ವರ್ಷ ಅವ್ವನನ್ನು ಮಣ್ಣು ಮಾಡಿದ ದಿನ, ಕೀರ್ತನೆ ಹಾಡಿ ಮುಗಿಸಿ ಎಲ್ಲರೂ ಗೇಟಿನ ಕಡೆ ನಡೆದರು. ಹಣ್ಣು ಮುದುಕಿಯಾದ ಕೊಟ್ರವ್ವ ತಂದ ಮಲ್ಲಿಗೆ ಹೊಸ ಮಣ್ಣಿನ ಮೇಲಿತ್ತು. ತಮ್ಮ ಬರಲಿಲ್ಲವಲ್ಲ ಅಂತ ನಾನು ಹಿಂದಿರುಗಿ ನೋಡಿದೆ. ತಲೆ ನರೆಯತೊಡಗಿದ್ದ ಗಂಡಸು ಅಲ್ಲಿ ಒಬ್ಬನೇ ಕೈಕಟ್ಟಿ ನಿಂತಿದ್ದ.

"ಟೀಚರ್ರಿ," ಅಂದ, "ಅವ್ವನ ಕಡಿ ಹೋಗಿ ಬರ್ಲೇನ್ರಿ?"

ನಾನು ನಕ್ಕೆ, ಆಮೇಲೆ ಅತ್ತೆ. ಹೋಗು, ಲಗೂನ ಬಾ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ.